ಸಿಪ್ಪೆ ಸಂಬಳದ ಮೊಲ

ಮಕ್ಕಳೇ, ಬಿದಿರುಮೆಳೆಗಳು ಒತ್ತೊತ್ತಾಗಿ ಬೆಳೆದಿದ್ದ ಒಂದು ಕಾಡಿನ ನಡುವೆ ಜೊಂಡು ತುಂಬಿದ ಕೆರೆಯೊಂದಿತ್ತು. ಆ ಕೆರೆಯ ದಡದ ಪೊದೆಯಲ್ಲಿ ತುಂಬೆ ಎಂಬ ಮೊಲ ಇದ್ದಳು. ಮೈಯೆಲ್ಲ ಕಂದು ಬಣ್ಣ. ಬಾಲ ಎತ್ತಿಕೊಂಡು ಓಡಿದಾಗ ಮಾತ್ರ ಅದರ ಅಡಿಯಲ್ಲಿ ತುಂಬೆ ಹೂವಿನಂಥ ಬಿಳುಪು ಕಾಣುತ್ತಿತ್ತು. ಅದಕ್ಕೇ ಆ ಹೆಸರು.

ತುಂಬೆಯ ಕೆಲಸ ಗೆಣಸು ಮಾರುವುದು. ಗೆಣಸು ಅವಳದಲ್ಲ, ಮುಳ್ಳುಹಂದಿ ಕಂಟಯ್ಯನದು. ಕಂಟಯ್ಯ ರಾತ್ರಿ ನೆಲ ಅಗೆದು ಗೆಣಸು ಕೀಳುತ್ತಿದ್ದ, ಹಗಲೆಲ್ಲ ಬಿಲದಲ್ಲಿ ಗೊರಕೆ ಹೊಡೆಯುತ್ತಿದ್ದ. ಬೆಳಗಾಗುತ್ತಲೇ ತುಂಬೆ ಬುಟ್ಟಿಯನ್ನು ಬೆನ್ನಿಗೇರಿಸಿಕೊಂಡು ಮನೆಮನೆ ಸುತ್ತಬೇಕು. ಕೊಂಡವರು ಬದಲಿಗೆ ನೇರಳೆಹಣ್ಣು, ಕಾಡುನೆಲ್ಲಿ, ಕಾಳು, ಹೀಗೆ ಕೈಗೆ ಸಿಕ್ಕಿದ್ದನ್ನು ಕೊಡುತ್ತಿದ್ದರು. ಅದೆಲ್ಲ ಸೀದಾ ಕಂಟಯ್ಯನ ಬಿಲಕ್ಕೆ.

ದಿನವಿಡೀ ಸುತ್ತುವ ತುಂಬೆಗೆ ಹುಲ್ಲು ಮೇಯಲೂ ಬಿಡುವಿರಲಿಲ್ಲ. ಅವಳ ಸಂಬಳವೋ? ಕಂಟಯ್ಯ ಗೆಣಸು ತಿಂದು ಉಳಿಸಿದ ಸಿಪ್ಪೆ. ಅವನ ಮನಸ್ಸು ಚೆನ್ನಾಗಿದ್ದ ದಿನ ಸಿಪ್ಪೆಯ ಜೊತೆಗೆ ನಾರುನಾರಾದ ಒಂದು ತುದಿ.

ಆದರೂ ಮಾರುವುದರಲ್ಲಿ ತುಂಬೆಯನ್ನು ಮೀರಿಸುವವರು ಆ ಕಾಡಿನಲ್ಲಿ ಇರಲಿಲ್ಲ. “ಬನ್ನಿ ಬನ್ನಿ! ಕೆಂಪು ಗೆಣಸು! ಕಚ್ಚಿದರೆ ಬೆಲ್ಲ, ಅಗಿದರೆ ಬೆಣ್ಣೆ!” ಎಂದು ಅವಳು ಕೂಗಿದರೆ ನಿದ್ದೆಯಲ್ಲಿದ್ದವರೂ ಎದ್ದು ಬರುತ್ತಿದ್ದರು.

ಒಂದು ದಿನ ಕಾಡುಹಂದಿ ಮೂತಿ ತಿರುಗಿಸಿ, “ಇದೇನಮ್ಮ, ಗೆಣಸು ಇಷ್ಟು ಸೊಟ್ಟಗಿದೆ?” ಎಂದ.

“ಸೊಟ್ಟಗಿದ್ದರೆ ಉರುಳಿ ಹೋಗಲ್ಲ ಮಾವ. ಇಟ್ಟ ಕಡೆ ಇರುತ್ತೆ,” ಎಂದಳು ತುಂಬೆ. ಕಾಡುಹಂದಿ ನಕ್ಕು, ಸೊಟ್ಟಗಿದ್ದದ್ದನ್ನೇ ಹುಡುಕಿ ಹುಡುಕಿ ಕೊಂಡ.

ಇಷ್ಟು ಜಾಣೆಯಾದ ತುಂಬೆಗೆ ಒಂದೇ ಒಂದು ದೋಷವಿತ್ತು. ಬುಟ್ಟಿ ಖಾಲಿಯಾದ ಮೇಲೂ ಅವಳ ನಾಲಿಗೆ ಸುಮ್ಮನಿರುತ್ತಿರಲಿಲ್ಲ. ಬೇರೆ ಗಿರಾಕಿ ಯಾರೂ ಇಲ್ಲದಿದ್ದಾಗ ಅದು ಅವಳನ್ನೇ ಗಿರಾಕಿ ಮಾಡಿಕೊಳ್ಳುತ್ತಿತ್ತು. ಸಂಜೆ ಪೊದೆಯಲ್ಲಿ ಕೂತು ಒಣ ಸಿಪ್ಪೆ ಅಗಿಯುತ್ತ ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು: “ಸಿಪ್ಪೆ ಅಂದರೆ ಸಾಮಾನ್ಯವೇ? ಹಲ್ಲು ಗಟ್ಟಿಯಾಗುತ್ತೆ. ದಿನವಿಡೀ ಸುತ್ತುತ್ತೀನಿ, ಕಾಲು ಚುರುಕಾಗಿರುತ್ತೆ. ಯಜಮಾನರು ಬೈಯುತ್ತಾರೆ, ನಿಜ. ಆದರೆ ಎಚ್ಚರವಾಗಿದ್ದಾಗ ಮಾತ್ರ ತಾನೇ?”

ಹೀಗೆ ಹೇಳಿಕೊಂಡು ಅವಳು ಖುಷಿಯಾಗಿ ಮಲಗುತ್ತಿದ್ದಳು. ಹೊಟ್ಟೆ ಮಾತ್ರ ಗುರ್ ಎನ್ನುತ್ತಿತ್ತು. ಪಕ್ಕೆಲುಬುಗಳು ಒಂದೊಂದಾಗಿ ಹೊರಗೆ ಇಣುಕತೊಡಗಿದ್ದವು.

ಒಂದು ಸಂಜೆ ಅವಳು ಕೆರೆಯ ಮೇಲೆ ಬಾಗಿದ್ದ ಜಾಲಿಮರದ ಕೆಳಗೆ ಹಾದು ಹೋಗುತ್ತಿದ್ದಳು. ಮೇಲಿನಿಂದ ಯಾರೋ ಕರೆದರು.

“ತುಂಬೆ, ಒಂದು ಗಳಿಗೆ ನಿಲ್ಲಮ್ಮ!”

ಹಳದಿ ತಲೆಯ ಗೀಜಗ ಹಕ್ಕಿ, ನೂಲಪ್ಪ. ಹುಲ್ಲಿನ ಎಳೆ ಎಳೆಯಾಗಿ ಹೆಣೆದು ಗೂಡು ನೇಯುವುದರಲ್ಲಿ ಅವನದು ಎತ್ತಿದ ಕೊಕ್ಕು.

“ನೋಡು, ಈ ಸಲ ಹುಲ್ಲು ಸೊಗಸಾಗಿ ಬಂದಿದೆ ಅಂತ ಮಕ್ಕಳಿಗೆ ತೊಟ್ಟಿಲು ನೇಯ್ದೆ. ಮರದ ತುಂಬ ತೂಗಾಡುತ್ತಿವೆ. ಆದರೆ ಕೊಳ್ಳೋರೇ ಇಲ್ಲ. ನನಗೆ ಕೊಕ್ಕಿನ ಕೆಲಸ ಗೊತ್ತು, ಬಾಯಿಯ ಕೆಲಸ ಗೊತ್ತಿಲ್ಲ. ನೀನು ಬಂದು ಮಾರಿಕೊಡ್ತೀಯಾ?”

ತುಂಬೆಯ ಕಿವಿಗಳು ನೆಟ್ಟಗಾದವು. “ಅಂದರೆ... ಯಜಮಾನರ ಕೆಲಸ ಬಿಟ್ಟು?”

“ಬಿಟ್ಟೇ ಬರಬೇಕು. ಎರಡು ಬುಟ್ಟಿ ಒಂದೇ ಬೆನ್ನ ಮೇಲೆ ಕೂರುತ್ತವೆಯೇ? ಯೋಚನೆ ಮಾಡಿ ನಾಳೆ ಕತ್ತಲಾಗುವುದರೊಳಗೆ ಹೇಳು. ನೀನು ಒಲ್ಲೆ ಅಂದರೆ ಅಳಿಲನ್ನು ಕೇಳಬೇಕು.”

ಪೊದೆಗೆ ಬರುವ ದಾರಿಯಲ್ಲೇ ತುಂಬೆಯ ನಾಲಿಗೆ ಶುರುವಾಯಿತು. “ಬನ್ನಿ ಬನ್ನಿ! ತೊಟ್ಟಿಲ ಕೆಲಸ! ಬೆನ್ನಿಗೆ ಹೂವಿನಷ್ಟು ಹಗುರ!” ಅವಳು ತಟಕ್ಕನೆ ಜಾಲಿಮರದ ಕಡೆ ತಿರುಗಿದಳು. ಅಷ್ಟರಲ್ಲಿ, “ಬನ್ನಿ ಬನ್ನಿ! ಕಂಟಯ್ಯನ ಕೆಲಸ! ಹಳೆಯದು, ಪಳಗಿದ್ದು, ಕಣ್ಣು ಮುಚ್ಚಿಕೊಂಡು ಮಾಡಬಹುದು!” ಎಂದಿತು ಅದೇ ನಾಲಿಗೆ. ಮತ್ತೆ ಪೊದೆಯ ಕಡೆ ತಿರುಗಿದಳು. ಹೀಗೆ ಅತ್ತ ಹೋಗಿ, ಇತ್ತ ಬಂದು, ಕೊನೆಗೆ ತಲೆ ಸುತ್ತಿ ದಾರಿಯಲ್ಲೇ ಕುಕ್ಕರಿಸಿದಳು. ದಡದ ಮೇಲಿದ್ದ ಕೊಕ್ಕರೆ, ಪಾಪ, ಮೊಲಕ್ಕೆ ಏನೋ ಕಚ್ಚಿರಬೇಕು ಎಂದುಕೊಂಡಿತು.

ಮರುದಿನ ಬೆಳಿಗ್ಗೆ ತುಂಬೆ ಹೆಗ್ಗಣ ನಿಂಗಕ್ಕನ ಬಿಲದ ಮುಂದೆ ನಿಂತಳು. ನಿಂಗಕ್ಕ ಮಕ್ಕಳೊಂದಿಗಳು. ದಿನವೂ ಗೆಣಸು ಕೊಳ್ಳುವವಳು, ಆದರೆ ಬಲು ಬಿಗಿ ಗಿರಾಕಿ. ಪ್ರತಿ ಗೆಣಸನ್ನೂ ಮೂಸಿ, ತಟ್ಟಿ, ಮುರಿದು ನೋಡದೆ ಕೊಂಡವಳಲ್ಲ.

“ಗೆಣ... ಸು,” ಎಂದಳು ತುಂಬೆ.

“ಏನೇ, ದನಿ ಎಲ್ಲಿಗೆ ಹೋಯ್ತು ನಿಂದು?” ನಿಂಗಕ್ಕ ಹೊರಗೆ ಬಂದಳು.

ತುಂಬೆ ಎಲ್ಲವನ್ನೂ ಹೇಳಿಕೊಂಡಳು. “ಈಗ ನಾನೇನು ಮಾಡಲಿ ಅಕ್ಕ?”

“ನನ್ನನ್ನು ಕೇಳಿದರೆ? ನಾನು ಗಿರಾಕಿ. ಗಿರಾಕಿಗೆ ಬೇಕಾದ್ದು ಸರಕು.” ನಿಂಗಕ್ಕ ಮೀಸೆ ಒರೆಸಿಕೊಂಡು ಕೂತಳು. “ಎಲ್ಲಿ, ಗೆಣಸು ಆಮೇಲಿರಲಿ. ಕಂಟಯ್ಯನ ಹತ್ತಿರ ಮಾಡ್ತೀಯಲ್ಲ, ಆ ಕೆಲಸವನ್ನೇ ನನಗೆ ಮಾರು ನೋಡೋಣ.”

ಅಮ್ಮ ಏನೋ ಆಟ ಹೂಡಿದ್ದಾಳೆ ಎಂದು ಮರಿಗಳೆಲ್ಲ ದುಡುದುಡು ಓಡಿ ಬಂದು ಸುತ್ತ ಕೂತವು.

ಮಾರು ಎಂದರೆ ತುಂಬೆಗೆ ಕೇಳಬೇಕೇ? ಬುಟ್ಟಿ ಇಳಿಸಿ, ಎದೆ ಸೆಟೆಸಿ ನಿಂತಳು. “ಬನ್ನಿ ಬನ್ನಿ! ಕಂಟಯ್ಯನ ಕೆಲಸ! ಬೆಳಗಿನ ತಂಗಾಳಿ, ಕಾಡೆಲ್ಲ ಸುತ್ತಾಟ, ಮನೆಮನೆಯಲ್ಲೂ ಪರಿಚಯ!”

“ಮೇಲೆ ನೋಡಕ್ಕೆ ಚೆನ್ನಾಗೇ ಇದೆ,” ಎಂದಳು ನಿಂಗಕ್ಕ. “ಮುರಿದು ತೋರಿಸು. ಮಧ್ಯಾಹ್ನ ಏನು?”

“ಮಧ್ಯಾಹ್ನ... ಬಿಸಿಲು.”

“ನೆರಳಲ್ಲಿ ಕೂರಬಹುದೋ?”

“ಕೂರಬಹುದು, ಬುಟ್ಟಿ ಖಾಲಿಯಾದರೆ.”

“ಖಾಲಿಯಾದರೆ?”

“ಇನ್ನೊಂದು ಬುಟ್ಟಿ ತುಂಬಿಟ್ಟೇ ಮಲಗಿರ್ತಾರೆ.”

ಮರಿಗಳು ಕಿಸಕ್ಕನೆ ನಕ್ಕವು.

“ಸಂಬಳ?”

“ಸಿಪ್ಪೆ. ಆದರೆ ಸಿಪ್ಪೆ ಅಂದರೆ ಸಾಮಾನ್ಯವೇ? ಹಲ್ಲು—”

“ಹಲ್ಲಿನ ಮಾತು ಆಮೇಲೆ. ಹೆಚ್ಚು ಮಾರಿದ ದಿನ?”

“ಹೆಚ್ಚು ಸಿ... ಇಲ್ಲ ಅಕ್ಕ. ಅಷ್ಟೇ ಸಿಪ್ಪೆ.”

“ಕೆಲಸದಲ್ಲಿ ಪಳಗಿದ ಮೇಲೆ?”

“ಆಗಲೂ... ಸಿಪ್ಪೆ.” ತುಂಬೆಯ ದನಿ ಇಳಿಯುತ್ತ ಬಂತು.

ನಿಂಗಕ್ಕ ತಲೆದೂಗಿದಳು. “ಒಳ್ಳೇದು. ಬಾಯಲ್ಲಿ ಚೆನ್ನಾಗಿ ಹೇಳ್ದೆ. ನನ್ನ ದೊಡ್ಡ ಮಗಳೂ ದುಡಿಯೋ ವಯಸ್ಸಿಗೆ ಬಂದಿದ್ದಾಳೆ. ನಾಳೆಯಿಂದ ಅವಳನ್ನು ಕಂಟಯ್ಯನ ಹತ್ತಿರ ಕಳಿಸಲಾ?”

“ಅಯ್ಯೋ, ಬೇಡ ಅಕ್ಕ!” ಮಾತು ತುಂಬೆಯ ಬಾಯಿಂದ ಹಾರಿ ಹೊರಬಿತ್ತು.

ಹೊರಬಿದ್ದ ಮಾತನ್ನು ಕೇಳಿ ಅವಳಿಗೇ ದಿಗಿಲಾಯಿತು. ಆಮೇಲೆ ತುಂಬೆಗೆ ನಗು ಬಂತು. ಮೀಸೆ ಅದುರಿ, ಹೊಟ್ಟೆ ಕುಲುಕಿ, ನೆಲದ ಮೇಲೆ ಉರುಳಾಡಿ ನಕ್ಕಳು. “ಅಕ್ಕಾ, ಇಷ್ಟು ದಿನ ಇದನ್ನು ನಾನು ನನಗೇ ಮಾರಿಕೊಳ್ತಾ ಇದ್ದೆ! ನಾನೂ ಮುರಿದು ನೋಡದೆ ಕೊಳ್ತಾ ಇದ್ದೆ!”

ನಕ್ಕು ಮುಗಿಸಿ ಅವಳು ಜಾಲಿಮರದ ಕಡೆಗೆ ನೆಗೆಯುವಷ್ಟರಲ್ಲಿ ನಿಂಗಕ್ಕ ಅವಳ ಕಿವಿ ಹಿಡಿದು ನಿಲ್ಲಿಸಿದಳು.

“ಎಲ್ಲಿಗೆ ಓಡ್ತೀ? ನೂಲಪ್ಪನ ಕೆಲಸವನ್ನು ಮುರಿದು ನೋಡಿದೆಯಾ?”

“ಇಲ್ಲ.”

“ಮತ್ತೆ? ಮೊದಲು ಅದನ್ನು ಮಾಡು. ಈಗ ಆ ದಪ್ಪ ಗೆಣಸು ಕೊಡು, ಮಕ್ಕಳು ಹಸಿದಿವೆ.”

ತುಂಬೆ ಬುಟ್ಟಿಯಲ್ಲಿದ್ದ ಗೆಣಸನ್ನೆಲ್ಲ ಮಾರಿ ಮುಗಿಸಿ, ನಡು ಮಧ್ಯಾಹ್ನಕ್ಕೆ ಜಾಲಿಮರದ ಕೆಳಗೆ ಬಂದಳು. ಮೊದಲು ದಡದ ಕಡೆ ಕೆಳಗೆ ಜೋತಿದ್ದ ಒಂದು ತೊಟ್ಟಿಲನ್ನು ಮೂಸಿದಳು. ತಟ್ಟಿದಳು. ಆಮೇಲೆ ತಾನೇ ಅದರೊಳಗೆ ಹಾರಿ ಕೂತು ಜೋರಾಗಿ ತೂಗಿಕೊಂಡಳು. ತೊಟ್ಟಿಲು ಕೆರೆಯ ನೀರಿನ ಮೇಲೆ ಹೋಗಿ ಹೋಗಿ ಬಂತು. ಒಂದು ಎಳೆಯೂ ಕಿತ್ತುಬರಲಿಲ್ಲ.

“ಸರಕು ಗಟ್ಟಿಯಾಗಿದೆ ನೂಲಣ್ಣ,” ಎಂದಳು ತೂಗುತ್ತಲೇ. “ಈಗ ಕೆಲಸದ ವಿಷಯ. ಸಂಬಳ ಏನು ಕೊಡ್ತೀರಿ?”

“ದಿನಾ ಒಂದು ಹೊರೆ ಎಳೆ ಗರಿಕೆ. ಹೆಚ್ಚು ಮಾರಿದ ದಿನ ಅದರ ಮೇಲೆ ಹುಲ್ಲಿನ ಕಾಳು.”

ಗರಿಕೆ ಎಂದ ಕೂಡಲೇ ತುಂಬೆಯ ಬಾಯಲ್ಲಿ ನೀರೂರಿತು. ನುಂಗಿಕೊಂಡು ಕೇಳಿದಳು, “ಮಧ್ಯಾಹ್ನ?”

“ಮಧ್ಯಾಹ್ನ ಕೂಸುಗಳು ಮಲಗಿರುತ್ತವೆ. ಆಗ ಹೋಗಿ ಕೂಗಿದರೆ ತಾಯಂದಿರು ನಿನ್ನನ್ನು ಸುಮ್ಮನೆ ಬಿಡ್ತಾರಾ? ಬಿಸಿಲಿಳಿಯೋವರೆಗೆ ನೀನೂ ಮಲಗು.”

“ಬೇಸಿಗೆಯಲ್ಲಿ?”

ನೂಲಪ್ಪ ಹುಲ್ಲಿನ ಎಳೆಯೊಂದನ್ನು ಕೊಕ್ಕಿನಲ್ಲಿ ಸುಮ್ಮನೆ ತಿರುವಿದ. “ಬೇಸಿಗೆಯಲ್ಲಿ ಹುಲ್ಲು ಒಣಗುತ್ತೆ, ನೇಯಕ್ಕೆ ಬರಲ್ಲ. ಆಗ ಕೆಲಸವೂ ಇಲ್ಲ, ಗರಿಕೆಯೂ ಇಲ್ಲ. ಮುಚ್ಚಿಟ್ಟು ಏನು ಪ್ರಯೋಜನ? ಇದ್ದದ್ದು ಹೇಳಿದೆ.”

ತುಂಬೆಯ ಕಿವಿ ಜೋತುಬಿತ್ತು. ಕಂಟಯ್ಯನ ಸಿಪ್ಪೆ ಬೇಸಿಗೆಯಲ್ಲೂ ಬರುತ್ತಿತ್ತು. ಅವಳ ನಾಲಿಗೆ ಸುಮ್ಮನಿರದೆ, ‘ಬೇಸಿಗೆ ಅಂದರೇನು ಮಹಾ, ಕಣ್ಣು ಮಿಟುಕಿಸೋದರಲ್ಲಿ ಕಳೆದುಹೋಗುತ್ತೆ’ ಎಂದು ಶುರುಮಾಡಿತು. ತುಂಬೆ ಅದನ್ನು ಹಲ್ಲಿನಿಂದ ಕಚ್ಚಿ ಹಿಡಿದಳು. ತೊಟ್ಟಿಲನ್ನು ನಿಲ್ಲಿಸಿ ನಿಜವಾಗಿಯೂ ಯೋಚಿಸಿದಳು. ದಿನಕ್ಕೊಂದು ಹೊರೆ ಗರಿಕೆಯನ್ನು ಒಂದು ಮೊಲ ಒಂದೇ ದಿನದಲ್ಲಿ ತಿಂದು ಮುಗಿಸಲಾರದು.

“ನೂಲಣ್ಣ, ಉಳಿದ ಗರಿಕೆಯನ್ನು ಒಣಗಿಸಿ ಇಟ್ಟುಕೊಳ್ತೀನಿ. ಅದಕ್ಕೊಂದು ದೊಡ್ಡ ಗೂಡು ನೇಯ್ದುಕೊಡ್ತೀರಾ?”

“ಒಂದು ಹನಿಯೂ ಒಳಗಿಳಿಯದ ಹಾಗೆ ನೇಯ್ದುಕೊಡ್ತೀನಿ.”

“ಹಾಗಾದರೆ ನಾಳೆ ಬೆಳಿಗ್ಗೆ ಬರ್ತೀನಿ!”

ಇನ್ನುಳಿದದ್ದು ಕಂಟಯ್ಯನಿಗೆ ಹೇಳುವುದು. ಅದು ಸುಲಭದ ಮಾತಲ್ಲ. ಸಂಜೆ ತುಂಬೆ ಅವನ ಬಿಲದ ಬಾಗಿಲಲ್ಲಿ ಗಿರಾಕಿಗಳು ಕೊಟ್ಟ ಹಣ್ಣು ಕಾಳುಗಳನ್ನೆಲ್ಲ ಒಪ್ಪಿಸಿ, “ಯಜಮಾನರೇ, ನಾಳೆಯಿಂದ ನಾನು ಬರೋದಿಲ್ಲ. ನೂಲಣ್ಣನ ಹತ್ತಿರ ಸೇರ್ತಾ ಇದ್ದೀನಿ,” ಎಂದಳು.

ಕಂಟಯ್ಯನ ಮುಳ್ಳುಗಳೆಲ್ಲ ಖಟಖಟ ಎಂದು ಎದ್ದು ನಿಂತವು. “ಏನಂದೆ? ಮಾರೋದನ್ನು ಕಲಿಸಿದ ನನ್ನನ್ನೇ ಬಿಟ್ಟು ಹೋಗ್ತೀಯಾ?”

ಕಂಟಯ್ಯ ಅವಳಿಗೆ ಕಲಿಸಿದ್ದು ಬುಟ್ಟಿ ಎಲ್ಲಿದೆ ಎಂಬುದನ್ನು ಮಾತ್ರ. ತುಂಬೆ ಅದನ್ನು ಹೇಳಲಿಲ್ಲ. ಹೆದರಿದರೂ ಅಲ್ಲೇ ನಿಂತಿದ್ದಳು. ಕೂಗಾಟದಿಂದ ಕೆಲಸವಾಗದು ಎಂದು ಕಂಡಾಗ ಕಂಟಯ್ಯ ಮುಳ್ಳು ಮಡಿಸಿ, ದನಿಗೆ ಜೇನು ಸವರಿದ.

“ಅಲ್ಲ ಮಗಳೇ, ನಿನ್ನ ಬೆಲೆ ನನಗೆ ಗೊತ್ತಿಲ್ಲವೇ? ನಾಳೆಯಿಂದ ನೀನು ಬರೀ ಮಾರೋಳಲ್ಲ. ಮಹಾ ಮಾರಾಟಗಾರ್ತಿ! ನೋಡು, ನನ್ನದೇ ಒಂದು ಮುಳ್ಳನ್ನು ನಿನ್ನ ಕಿವಿಗೆ ಸಿಕ್ಕಿಸ್ತೀನಿ. ಕಾಡೆಲ್ಲ ಕೈಮುಗಿಯುತ್ತೆ.”

ಕಪ್ಪು ಬಿಳುಪು ಪಟ್ಟೆಯ ಹೊಳೆಯುವ ಮುಳ್ಳು! ತುಂಬೆಯ ಕಣ್ಣು ಅರಳಿತು. ಮಹಾ ಮಾರಾಟಗಾರ್ತಿ ತುಂಬೆ! ಕಿವಿಯಲ್ಲಿ ಮುಳ್ಳು ಮಿಂಚಿಸುತ್ತ ನಡೆದರೆ ಕಾಡುಹಂದಿ ಮಾವ ಏನನ್ನಬಹುದು, ಕೊಕ್ಕರೆ ಏನನ್ನಬಹುದು... ನಾಲಿಗೆ ಆಗಲೇ “ಬನ್ನಿ ಬನ್ನಿ” ಎನ್ನಲು ಸಜ್ಜಾಗಿತ್ತು. ತುಂಬೆ ತಲೆ ಕೊಡವಿದಳು.

“ಸಂಬಳ ಯಜಮಾನರೇ?”

“ಸಂಬಳ?” ಕಂಟಯ್ಯ ಆಚೆ ಈಚೆ ನೋಡಿದ. “ಅದೇ... ಸಿಪ್ಪೆ.”

ತುಂಬೆ ಅವನಿಗೆ ಕೈಮುಗಿದು, “ಮುಳ್ಳು ನಿಮ್ಮ ಮೈಮೇಲೇ ಚೆನ್ನಾಗಿ ಕಾಣುತ್ತೆ ಯಜಮಾನರೇ. ನಿಮ್ಮ ಗೆಣಸು ನಿಜಕ್ಕೂ ರುಚಿ. ಬರ್ತೀನಿ,” ಎಂದು ಹೇಳಿ ಬಾಲ ಎತ್ತಿಕೊಂಡು ಓಡಿದಳು.

ಮರುದಿನ ಕಂಟಯ್ಯನೇ ಬುಟ್ಟಿ ಹೊತ್ತು ಹೊರಟ. ನಿದ್ದೆಗೆಟ್ಟ ಕಣ್ಣು, ಉರಿಯುವ ಬಿಸಿಲು. “ಗೆಣಸು! ತಗೊಳ್ಳಿ, ಇಲ್ಲಾ ಬಿಡಿ!” ಎಂದು ಗದರಿಸಿದ. ಎಲ್ಲರೂ ಬಿಟ್ಟರು. ನಿಂಗಕ್ಕ ಒಂದು ಗೆಣಸನ್ನು ಮುರಿಯಲು ಹೋದಾಗ ಮುಳ್ಳು ಖಟಖಟಿಸಿದ. ಅವಳು ಅವನ ಮೂತಿಗೇ ಬಿಲದ ಬಾಗಿಲು ಹಾಕಿಕೊಂಡಳು. ಸಂಜೆ ಕಾಲು ಎಳೆದುಕೊಂಡು ಬಿಲಕ್ಕೆ ಬಂದಾಗ, ಮಾರುವುದೂ ಒಂದು ಕೆಲಸ ಎಂದು ಕಂಟಯ್ಯನಿಗೆ ಮೊದಲ ಸಲ ಅರ್ಥವಾಯಿತು. ಆಮೇಲೆ ಅವನು ನಿಂಗಕ್ಕನ ದೊಡ್ಡ ಮಗಳನ್ನು ಕೆಲಸಕ್ಕೆ ಕರೆದ. ಅವಳು ಅಮ್ಮನ ಮಗಳೇ. “ದಿನಾ ಇಡೀ ಗೆಣಸು ಕೊಟ್ಟರೆ ಬರ್ತೀನಿ, ಸಿಪ್ಪೆ ನೀವೇ ಇಟ್ಕೊಳ್ಳಿ,” ಎಂದಳು. ಕಂಟಯ್ಯ ಗೊಣಗುತ್ತ ಒಪ್ಪಿಕೊಂಡ.

ಇತ್ತ ತುಂಬೆ ಬೆನ್ನ ಮೇಲೆ ತೊಟ್ಟಿಲುಗಳನ್ನು ಕಟ್ಟಿಕೊಂಡು ಹೊರಟಿದ್ದಳು. ಮೊದಲು ಸಿಕ್ಕಿದ್ದು ಅತ್ತಿಮರದ ಕೋತಿಯಮ್ಮ. ಹೊಟ್ಟೆಗೆ ಮರಿ ಅಂಟಿಕೊಂಡಿತ್ತು.

“ನನಗ್ಯಾಕೆ ತೊಟ್ಟಿಲು?” ಎಂದಳು ಕೋತಿಯಮ್ಮ. “ನನ್ನ ಮಗು ನನ್ನನ್ನು ಬಿಟ್ಟು ಇಳಿಯೋದೇ ಇಲ್ಲ.”

“ಅದಕ್ಕೇ ಕೇಳ್ತೀನಿ ಅಕ್ಕ. ನೀವು ಎರಡೂ ಕೈಯಲ್ಲಿ ಹಣ್ಣು ಕಿತ್ತು ತಿಂದು ಎಷ್ಟು ಕಾಲವಾಯ್ತು?”

ಕೋತಿಯಮ್ಮನ ಕಣ್ಣು ತೇವವಾಯಿತು. ಒಂದು ತೊಟ್ಟಿಲನ್ನು ಕೊಂಬೆಗೆ ತೂಗುಹಾಕಿ, ಮರಿಯನ್ನು ಮೆಲ್ಲಗೆ ಅದರೊಳಗೆ ಇಳಿಸಿದಳು. ಅದು ಒಮ್ಮೆ ಕಿರುಗುಟ್ಟಿತು, ತೊಟ್ಟಿಲು ತೂಗುತ್ತಲೇ ಆಕಳಿಸಿತು, ನಿದ್ದೆ ಹೋಯಿತು. ಕೋತಿಯಮ್ಮ ಎರಡೂ ಕೈ ಚಾಚಿ, ಕೊಂಬೆಯಿಂದ ಕೊಂಬೆಗೆ ಹಾರಿ ಹಾರಿ ಅತ್ತಿಹಣ್ಣು ತಿಂದದ್ದನ್ನು ನೋಡಿ ಅಕ್ಕಪಕ್ಕದ ಮರಗಳ ತಾಯಂದಿರೆಲ್ಲ ಇಳಿದು ಬಂದರು. ಬಿಸಿಲೇರುವ ಮೊದಲೇ ತುಂಬೆಯ ಬೆನ್ನು ಬರಿದಾಗಿತ್ತು.

ಆ ಸಂಜೆ ಪೊದೆಯ ಮುಂದೆ ಗರಿಕೆಯ ಹೊರೆ ಬಂದು ಬಿತ್ತು. ಹಸಿರಾಗಿತ್ತು, ಎಳೆಯದಾಗಿತ್ತು, ಮುಖ ಹುದುಗಿಸಿದರೆ ತಂಪಾಗಿತ್ತು. ತುಂಬೆ ಅಂದು ತನ್ನ ಕೆಲಸವನ್ನು ಹೊಗಳಿ ತನಗೆ ತಾನೇ ಒಂದು ಮಾತೂ ಹೇಳಿಕೊಳ್ಳಲಿಲ್ಲ. ಹೇಳುವುದಕ್ಕೆ ಬಾಯಿ ಖಾಲಿಯಿದ್ದರೆ ತಾನೇ!

ನೀತಿ: ಇರುವ ಕೆಲಸವಾಗಲಿ, ಬರುವ ಕೆಲಸವಾಗಲಿ, ಅದರ ಹೊಗಳಿಕೆಗೆ ಮರುಳಾಗದೆ ಒಳಗೇನಿದೆ ಎಂದು ಕೇಳಿ ತಿಳಿದವರೇ ಸರಿಯಾದುದನ್ನು ಆರಿಸಿಕೊಳ್ಳುತ್ತಾರೆ.