ಮುಳ್ಳು ಇಳಿದ ಕೆಪಾಸಿಟರ್

ಈ ಕತೆಯನ್ನು ನನಗೆ ಮೊದಲು ಹೇಳಿದವಳು ದ್ಯಾಮವ್ವ. ಕರೆಂಟಿನ ಕೆಲಸ ಕಲಿಯಲು ತರಬೇತಿ ಕೇಂದ್ರ ಸೇರಿದ್ದಾಗ ಅವಳಿಗೆ ಹೇಳಿದವರು ನೀಲಾಂಬಿಕೆ ಟೀಚರ್. ಟೀಚರ್ ಪುಸ್ತಕ ತೆರೆದದ್ದನ್ನು ಯಾರೂ ಕಂಡಿಲ್ಲ. ಅವರ ಪಾಠ ಮರೆತವರನ್ನೂ ಕಂಡಿಲ್ಲ.

ದ್ಯಾಮವ್ವ ಕೇಳಿದಳು: "ಟೀಚರ್, ಮೊದಲ ತಿಂಗಳು ದಿನಕ್ಕೊಂದು ಪಾಠ ಕಲಿತೆ. ಈಗ ವಾರ ಕಳೆದರೂ ಹೊಸದೊಂದು ತಲೆಗೆ ಇಳಿಯುವುದಿಲ್ಲ. 'ನಿನ್ನ ಕತೆ ಮುಗೀತು, ಹೊಲಿಗೆ ವಿಭಾಗಕ್ಕೆ ನಡಿ' ಅಂತಾರೆ ವರ್ಕ್‌ಶಾಪಿನ ಮಾಸ್ತರು. ನಾಳೆ ನನ್ನ ಹೆಸರನ್ನು ಅಲ್ಲಿನ ಹಾಜರಿ ಪಟ್ಟಿಗೆ ಬದಲಿಸುತ್ತಾರಂತೆ. ನಾನು ಅಷ್ಟೇನಾ?"

ಟೀಚರ್ ಅವಳನ್ನು ಕೂರಿಸಿ ಹೇಳಿದರು:

ಒಬ್ಬ ವ್ಯಾಪಾರಿ. ಮೋಟರಿಗೆ ಹಾಕುವ ಕೆಪಾಸಿಟರ್ ಮಾರುತ್ತಿದ್ದ. ಕೆಪಾಸಿಟರ್ ಎಂದರೆ ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಡಬ್ಬಿ. ಬಂದ ಮಾಲನ್ನು ತಾನೇ ಪರೀಕ್ಷಿಸಬೇಕೆಂಬುದು ಅವನ ಹಟ. ಹತ್ತಿಪ್ಪತ್ತು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ, ನಡುವೆ ಹರಿಯುವ ಕರೆಂಟನ್ನು ತೋರಿಸುವ ಮೀಟರ್ ಇಟ್ಟು, ಒಂದೊಂದನ್ನೇ ತಂತಿಗೆ ಸಿಕ್ಕಿಸುತ್ತಿದ್ದ. ಮೀಟರಿನ ಮುಳ್ಳು ಛಂಗನೆ ಮೇಲೆ ಹಾರುತ್ತಿತ್ತು. ಆಮೇಲೆ ಇಳಿಯುತ್ತಿತ್ತು, ಮೊದಲು ಬೇಗ, ಬರಬರುತ್ತ ನಿಧಾನ, ಕೊನೆಗೆ ಸೊನ್ನೆಯ ಪಕ್ಕ ಒರಗುತ್ತಿತ್ತು.

"ಆರಂಭಶೂರ!" ಎಂದು ಬೈದು ವ್ಯಾಪಾರಿ ಅದನ್ನು ಬುಟ್ಟಿಗೆ ಎಸೆಯುತ್ತಿದ್ದ. ಕೆಲವುಗಳಲ್ಲಿ ಮುಳ್ಳು ಏರಿದ ಕಡೆಯೇ ನಿಲ್ಲುತ್ತಿತ್ತು. "ಇದು ದುಡಿಯುವ ಮಾಲು" ಎಂದು ಅವನ್ನು ಕಪಾಟಿನಲ್ಲಿಡುತ್ತಿದ್ದ.

ಒಂದು ದಿನ ಪಂಪು ರಿಪೇರಿ ಮಾಡುವ ಒಬ್ಬ ಹೆಂಗಸು ಬಂದು ಈ ಪರೀಕ್ಷೆ ನೋಡಿದಳು. ಕಪಾಟಿನ ಕಡೆ ತಿರುಗಿಯೂ ನೋಡಲಿಲ್ಲ. "ಬುಟ್ಟಿಯಲ್ಲಿರುವುದು ಕೊಡಿ" ಎಂದಳು.

"ಅವು ಸತ್ತಿವೆ ತಾಯಿ. ಹೆಣಕ್ಕೂ ಗಿರಾಕಿ ಬರುವ ಕಾಲ ಬಂತೇ!" ವ್ಯಾಪಾರಿ ನಗುತ್ತಲೇ, ಆಗಷ್ಟೇ ಎಸೆದದ್ದನ್ನು ಬರಿಗೈಯಲ್ಲಿ ಎತ್ತಿದ. ಬೆರಳು ಅದರ ಎರಡೂ ತುದಿಗೆ ತಾಗಿತು. ಮರುಕ್ಷಣ ಅವನು ನೆಲದ ಮೇಲೆ ಕುಳಿತಿದ್ದ.

"ಸತ್ತದ್ದು ಒದೆಯಿತಲ್ಲವ್ವಾ!"

"ಸತ್ತಿರಲಿಲ್ಲ, ತುಂಬಿತ್ತು. ತುಂಬುತ್ತ ತುಂಬುತ್ತ ಅದು ನಿಮ್ಮ ಬ್ಯಾಟರಿಯನ್ನೇ ಎದುರು ತಳ್ಳುತ್ತದೆ. ಎರಡರ ಬಲವೂ ಸಮವಾದ ಮೇಲೆ ಹರಿಯುವುದಕ್ಕೆ ಏನು ಉಳಿಯಿತು? ಮುಳ್ಳು ಇಳಿಯಲೇಬೇಕು."

"ಹಾಗಾದರೆ ಕಪಾಟಿನಲ್ಲಿರುವವು?"

"ತೂತು ಕೊಡಗಳು, ಯಜಮಾನರೇ. ಎಷ್ಟು ಸುರಿದರೂ ಕುಡಿಯುತ್ತವೆ, ಎಂದೂ ತಿರುಗಿ ತಳ್ಳುವುದಿಲ್ಲ. ಅದಕ್ಕೇ ನಿಮಗೆ ಇಷ್ಟ."

ಅವಳು ಒಂದೊಂದಕ್ಕೂ ಸ್ಕ್ರೂಡ್ರೈವರ್ ಅಡ್ಡ ಹಿಡಿದು, ಚಟ್ ಎಂದು ಕಿಡಿ ಹಾರಿಸಿ ಬರಿದು ಮಾಡಿದಳು. ಆಮೇಲೆ ಬುಟ್ಟಿ ಸಮೇತ ಹೊತ್ತುಕೊಂಡು ಹೋದಳು.

ಟೀಚರ್ ಕತೆ ಮುಗಿಸಿದರು. ದ್ಯಾಮವ್ವನಿಗೆ ತಾನು ಈ ತಿಂಗಳು ಮಾಸ್ತರಿಗೆ ಕೇಳಿದ್ದ ಪ್ರಶ್ನೆಗಳು ಒಂದೊಂದಾಗಿ ನೆನಪಾದವು. ಒಂದಕ್ಕೂ ಅವರು ಉತ್ತರ ಕೊಟ್ಟಿರಲಿಲ್ಲ, ಬೈದಿದ್ದರು. ಆದರೂ ಅಂಜಿಕೆ ಪೂರ್ತಿ ಬಿಡಲಿಲ್ಲ.

"ಹಾಗಾದರೆ ನಾಳೆ ನಾನು ಹೊಲಿಗೆ ವಿಭಾಗಕ್ಕೆ ಹೋಗಬೇಡವೇ, ಟೀಚರ್?"

"ಹೋಗು, ನಿನಗಿಂತ ಮೊದಲು ಎಸೆಸಿಕೊಂಡ ಆರು ಹುಡುಗಿಯರು ಅಲ್ಲಿದ್ದಾರೆ, ಅವರಿಗೆ ಈ ಕತೆ ಹೇಳಿ ಎಲ್ಲರನ್ನೂ ಕರೆದುಕೊಂಡು ವರ್ಕ್‌ಶಾಪಿಗೆ ಬಾ."