ಡೀಸೆಲ್ ಟ್ಯಾಂಕೂ ಖಾಲಿ ಡಬ್ಬಿಯೂ

ಹಳೆಯ ಲಾರಿಯೊಂದರ ವ್ಯಾಕ್ಯೂಮ್ ಡಬ್ಬಿ ಎಲ್ಲೋ ಕಳಚಿ ಬಿದ್ದುಹೋಗಿತ್ತು. ಮೆಕ್ಯಾನಿಕ್ ದಾವಲಸಾಬ ಬೇರೊಂದನ್ನು ತಂದು ಅದೇ ಜಾಗದಲ್ಲಿ ಬಿಗಿದು, "ಇದಿಲ್ದ ಬ್ರೇಕ್ ಗಟ್ಟಿ ಹತ್ತಂಗಿಲ್ಲ, ಫಕೀರಣ್ಣ" ಎಂದು ಡ್ರೈವರ್ ಫಕೀರಪ್ಪನಿಗೆ ಹೇಳಿ ಕಳಿಸಿದ.

ಪಕ್ಕದಲ್ಲಿದ್ದ ಡೀಸೆಲ್ ಟ್ಯಾಂಕು ಹೊಸಬನನ್ನು ಕೇಳಿತು: "ನಿನ್ನೊಳಗೆ ಏನು ತುಂಬಿಸುತ್ತಾರೆ?"

"ಏನೂ ಇಲ್ಲ. ಇಂಜಿನ್ ಓಡುವಾಗ ಒಳಗಿರುವ ಗಾಳಿಯನ್ನೂ ಹೀರಿ ತೆಗೆಯುತ್ತಾರೆ."

"ಮತ್ತೆ ನೀನು ಕಾಯುವುದೇನನ್ನು?"

"ಆ ಖಾಲಿಯನ್ನೇ."

ಟ್ಯಾಂಕಿಗೆ ತಲೆಬುಡ ತಿಳಿಯಲಿಲ್ಲ. ಏನನ್ನೂ ಇಟ್ಟುಕೊಳ್ಳದವನಿಗೆ ಇಷ್ಟು ದೊಡ್ಡ ಹೊಟ್ಟೆ ಯಾತಕ್ಕೆ?

ಘಾಟಿಯ ಇಳಿಜಾರು ಬಂತು. ಫಕೀರಪ್ಪ ಎಂದಿನಂತೆ ಡೀಸೆಲ್ ಉಳಿಸಲೆಂದು ಇಂಜಿನ್ ಬಂದ್ ಮಾಡಿ, ಲಾರಿಯನ್ನು ನ್ಯೂಟ್ರಲ್ಲಿನಲ್ಲಿ ಉರುಳಲು ಬಿಟ್ಟ. ತನ್ನದೊಂದು ಹನಿಯೂ ಖರ್ಚಾಗಲಿಲ್ಲವೆಂದು ಟ್ಯಾಂಕು ಹಿಗ್ಗಿತು. ಅಷ್ಟರಲ್ಲಿ ತಿರುವಿನಲ್ಲಿ ಎಮ್ಮೆಗಳ ಹಿಂಡು ಅಡ್ಡ ಬಂತು. ಫಕೀರಪ್ಪ ಬ್ರೇಕ್ ತುಳಿದ. ಡಬ್ಬಿ ಬ್ರೇಕಿನ ಕಡೆಯಿಂದ ಗಾಳಿಯನ್ನೆಲ್ಲ ಒಂದೇ ಉಸಿರಿಗೆ ಎಳೆದುಕೊಂಡಿತು. ಆ ಸೆಳೆತಕ್ಕೆ ಬ್ರೇಕ್ ಗಟ್ಟಿಯಾಗಿ ಹಿಡಿದು, ಕೊನೆಯ ಎಮ್ಮೆಯ ಬಾಲಕ್ಕೆ ಗೇಣು ದೂರದಲ್ಲಿ ಲಾರಿ ನಿಂತಿತು.

"ಏನು ಕೊಟ್ಟು ನಿಲ್ಲಿಸಿದೆ?" ಎಂದಿತು ಟ್ಯಾಂಕು.

"ಇದ್ದ ಖಾಲಿಯನ್ನು. ಈಗ ನಾನೂ ನಿನ್ನಂತೆ ತುಂಬಿದ್ದೇನೆ, ಬರೀ ಗಾಳಿಯಿಂದ. ಇನ್ನು ನನ್ನ ಕೈಲಿ ಏನೂ ಆಗದು."

ಮುಂದೆ ಇನ್ನೂ ಇಳಿಜಾರಿತ್ತು. ಟ್ಯಾಂಕಿಗೆ ಆಗಲೂ ಪೂರ್ತಿ ಅರ್ಥವಾಗಲಿಲ್ಲ. ಆದರೂ ಫಕೀರಪ್ಪ ಚಾವಿ ತಿರುಗಿಸಿದ ಕೂಡಲೇ ಅದು ಇಂಜಿನ್ನಿಗೆ ಕೂಗಿ ಹೇಳಿತು: "ಎಷ್ಟು ಬೇಕೋ ಕುಡಿ. ಮೊದಲು ಈ ಡಬ್ಬಿಯನ್ನು ಖಾಲಿ ಮಾಡು!"