ಅಮ್ಮಣ್ಣಿಯ ಎದುರು ಕೂರುವವರಿಲ್ಲ

"ಕೇಳ್ರಪ್ಪೋ ಕೇಳಿ! ರಾಜಕುಮಾರಿ ಚೆಲುವಾಂಬೆಯ ಮೂರು ಒಗಟು ಬಿಡಿಸಿದವನಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವನ ತಲೆ ಹುಣ್ಣಿಮೆಯ ದಿನ ಉರುಳುತ್ತದೆ!"

ಈ ಡಂಗುರ ಕೇಳಿ, ತಲೆ ಹೋಗುತ್ತದೆಂದರೂ ಜನ ಮುಗಿಬಿದ್ದರು, ಆಸೆ ನೋಡಿ. ದೊರೆಮಕ್ಕಳು ಉತ್ತರ ಚಿನ್ನವೆಂದರು, ಪ್ರೀತಿಯೆಂದರು, ತಪ್ಪಾಗಿ ಸೆರೆಮನೆ ಸೇರಿದರು. ಕಂಬಳಿ ನೇಯುವ ಬೀರಣ್ಣನೂ ಬಡತನ ತಾಳಲಾರದೆ ಹೋಗಿ ಸಿಕ್ಕಿಬಿದ್ದ. ಹುಣ್ಣಿಮೆ ಬಂದೇಬಿಟ್ಟಿತು. ಪಾಪ, ಅವನ ತಮ್ಮ ಹಾಲಪ್ಪನಿಗೆ ಅಣ್ಣನನ್ನು ಬಿಡಿಸಲು ಬೇರೆ ದಾರಿಯೇ ಇರಲಿಲ್ಲ. ತಾನೇ ಒಗಟು ಬಿಡಿಸಲು ಅರಮನೆಗೆ ಓಡಿದ.

ಒಬ್ಬನಿಂದ ಆಗದ್ದು, ಇಬ್ಬರಾದರೆ ಆಗುವುದು, ಎಷ್ಟು ಕೊಟ್ಟರೂ ಕೊಟ್ಟವನಲ್ಲೇ ಉಳಿಯುವುದು ಏನೆಂದು ಚೆಲುವಾಂಬೆ ಕೇಳಿದಳು. ಹಾಲಪ್ಪ ತಡವರಿಸಿ, ಮಾತುಕತೆ ಎಂದ. ಅದರಲ್ಲಿ ಬಾಯಿಗಿಂತ ಹೆಚ್ಚು ದುಡಿಯುವುದು ಯಾವುದೆಂದಳು. ಕಿವಿ ಎಂದ.

"ಹಾಗಾದರೆ, ಬಾಯಿಗೆ ಬರುವ ಮೊದಲು ಆ ಮಾತು ಎಲ್ಲಿತ್ತು?"

ತಡವಾದದ್ದು ಕಂಡು ತಲೆ ಕಡಿಯುವ ಕಟುಕ ಕತ್ತಿ ಎತ್ತಿಕೊಂಡ. ಮನೆಯಲ್ಲಿದ್ದ ಅವ್ವನ ನೆನಪಾಗಿ ಹುಡುಗ ಬಿಕ್ಕಿ ಬಿಕ್ಕಿ ಅತ್ತ.

"ನನಗೆ ಗೊತ್ತಿಲ್ಲ ಅಮ್ಮಣ್ಣಿ. ಅಪ್ಪ ಸತ್ತಾಗ ಅವ್ವ ಮಾತೇ ಬಿಟ್ಟಿದ್ದಳು. ಬೀಸುವ ಕಲ್ಲಿನ ಮುಂದೆ ಅವಳ ಎದುರು ಕೂತು ನಾನೂ ಗೂಟ ಹಿಡಿದೆ. ದಿನಾ ಇಬ್ಬರ ಕೈಯೂ ಒಟ್ಟಿಗೆ ತಿರುಗುತ್ತಿತ್ತು. ಒಂದಿನ, 'ಇನ್ನೊಂದು ಹಿಡಿ ರಾಗಿ ಹಾಕು' ಅಂದಳು. ನಮ್ಮನೇಲಿ ಮಾತು ಮತ್ತೆ ಹುಟ್ಟಿದ್ದು ಅಲ್ಲೇ. ನಾವಿಬ್ಬರೂ ಹೋದರೆ ಅವಳ ಎದುರು ಯಾರು ಕೂರುತ್ತಾರೆ?"

ಚೆಲುವಾಂಬೆ ಕೈಯೆತ್ತಿ ಕಟುಕನನ್ನು ತಡೆದಳು.

ಕಡಲಾಚೆಯ ವ್ಯಾಪಾರಿಯೊಬ್ಬ ಅವಳಿಗೆ ಹಿಂದೆ ಒಂದು ಸಂಗತಿ ಹೇಳಿದ್ದನಂತೆ. ಅಲ್ಲಿಯವರು ಮಾತುಕತೆಗೆ ಕಾನ್ವರ್ಸೇಷನ್ ಎನ್ನುತ್ತಾರೆ. ಹಳೆಯ ಕಾಲದಲ್ಲಿ ಆ ಪದಕ್ಕೆ ಜೊತೆಗೆ ಬಾಳುವುದು ಎಂದರ್ಥ, ಇನ್ನೂ ಹಿಂದೆ ಹೋದರೆ ಅದರ ಬೇರಿನಲ್ಲಿರುವುದು ಜೊತೆಗೆ ತಿರುಗುವುದು. ಮೊದಲು ಜೊತೆಗಿದ್ದರು, ಆಮೇಲೆ ಮಾತು ಬಂತು. ಮೂರನೆಯ ಒಗಟಿನ ಉತ್ತರ ಅದೇ, ಹುಡುಗ ತನಗರಿವಿಲ್ಲದೆ ಅದನ್ನೇ ಹೇಳಿದ ಎಂದು ಅವಳು ಸಭೆಗೆ ಬಿಡಿಸಿ ಹೇಳಿದಳು.

"ನಾನು ಹುಟ್ಟಿದಾಗಿನಿಂದ ಎಲ್ಲರೂ ತಲೆ ತಗ್ಗಿಸಿ ನಿಲ್ಲುತ್ತಾರೆ" ಎಂದಳು. "ನನ್ನ ಎದುರು ಯಾರೂ ಕೂತಿಲ್ಲ. ಅದಕ್ಕೇ ಈ ಒಗಟು."

"ತಲೆ ಕಡಿಸುವವರ ಎದುರು ಯಾರು ಕೂರುತ್ತಾರೆ ಅಮ್ಮಣ್ಣಿ?" ಎಂದ ಹಾಲಪ್ಪ.

ಚೆಲುವಾಂಬೆಗೆ ಅಳು ಬಂತು. ಏನು ಬೇಕೋ ಕೇಳು ಎಂದಳು. ಅಣ್ಣನನ್ನೂ ಉಳಿದ ಸೆರೆಯವರನ್ನೂ ಬಿಟ್ಟುಬಿಡಿ ಎಂದ. ಅವರನ್ನು ಬಿಟ್ಟು, ಅವನಿಗೊಂದು ಊರನ್ನೇ ಉಂಬಳಿ ಕೊಟ್ಟು, ಸಿಂಹಾಸನ ಇಳಿದು ಬಂದು ಅವನ ಎದುರು ನೆಲದ ಮೇಲೆ ಕೂತಳು. ಏನು ಮಾತಾಡಬೇಕೆಂದು ಅವಳಿಗೆ ತೋಚಲಿಲ್ಲ.

"ನಿಮ್ಮವ್ವ ಹೇಗಿದ್ದಾಳೆ?" ಎಂದು ಕೇಳಿದಳು.